ಅರಳೆಯಿಂದ ಫೋಮಿನವರೆಗೆ: ಹಳೆಯ ಸೋಫಾ ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ಹಳೆಯ ಪೇಟೆಗಳ ಹೆಸರುಗಳನ್ನು ಒಮ್ಮೆ ಸಾಲಾಗಿ ಹೇಳಿಕೊಂಡು ನೋಡಿ: ಅಕ್ಕಿಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಬಳೇಪೇಟೆ, ಅರಳೆಪೇಟೆ. ಕೆಂಪೇಗೌಡರು 1537ರಲ್ಲಿ ಈ ಊರನ್ನು ಕಟ್ಟಿಸಿದರೆಂದು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಒಂದೊಂದು ಕಸುಬಿಗೆ, ಒಂದೊಂದು ಸರಕಿಗೆ ಒಂದೊಂದು ಬೀದಿ ಎಂಬ ಆ ಏರ್ಪಾಡಿನ ನೆನಪು ಈ ಹೆಸರುಗಳಲ್ಲಿ ಇಂದಿಗೂ ಉಳಿದಿದೆ. ಇವುಗಳಲ್ಲಿ ಅರಳೆಪೇಟೆಯನ್ನು ಈಗ ಹೆಚ್ಚಿನವರು ಕಾಟನ್‌ಪೇಟೆ ಎನ್ನುತ್ತಾರೆ. ಅರಳೆ ಎಂದರೆ ಬೀಜ ತೆಗೆದು ಹಸನು ಮಾಡಿದ ಹತ್ತಿ. ಬಳೇಪೇಟೆಗೂ ಅರಳೆಪೇಟೆಗೂ ನಡುವೆ ಕೆಲವೇ ನಿಮಿಷಗಳ ನಡಿಗೆ.

ಈ ಪೇಟೆಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಲ್ಲಿ ಏನು ತಯಾರಾಗುತ್ತಿತ್ತು, ಏನು ಮಾರಾಟವಾಗುತ್ತಿತ್ತು ಎಂಬುದನ್ನು ದಾಖಲಿಸುತ್ತಾರೆ. ಮಾರಿದ ವಸ್ತು ಹಳತಾದ ಮೇಲೆ ಎಲ್ಲಿಗೆ ಹೋಗುತ್ತಿತ್ತು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆದರೆ ಪೇಟೆಯ ಜನಕ್ಕೆ ಈ ಪ್ರಶ್ನೆಗೆ ಉತ್ತರ ಚೆನ್ನಾಗಿ ಗೊತ್ತಿತ್ತು. ಒಡೆದ ಗಾಜಿನ ಬಳೆ ಕುಲುಮೆಯಲ್ಲಿ ಕರಗಿ ಮತ್ತೆ ಗಾಜಾಗುತ್ತಿತ್ತು. ತೂತಾದ ಹಿತ್ತಾಳೆ ಪಾತ್ರೆಯನ್ನು ತೂಕಕ್ಕೆ ಕೊಟ್ಟು ಹೊಸ ಪಾತ್ರೆ ತರುತ್ತಿದ್ದರು. ಒಡೆದ ಮಡಕೆ ಮಣ್ಣಿಗೆ ಸೇರುತ್ತಿತ್ತು. ಹಳೆಯ ಸೀರೆ ಕೌದಿಯಾಗುತ್ತಿತ್ತು. ವಸ್ತುವನ್ನು ಮಾಡುವ ವಿದ್ಯೆಯ ಜೊತೆಗೆ ಅದನ್ನು ಮುಗಿಸುವ ವಿದ್ಯೆಯೂ ಇತ್ತು.

ಈ ಎರಡನೆಯ ವಿದ್ಯೆ ಇಲ್ಲದೆಯೇ ನಮ್ಮ ಮನೆಯೊಳಕ್ಕೆ ಬಂದು ಕುಳಿತ ವಸ್ತುವೊಂದರ ಚರಿತ್ರೆಯನ್ನು ಈ ಲೇಖನದಲ್ಲಿ ನೋಡೋಣ. ಆ ವಸ್ತು ಮೆತ್ತೆ ಹಾಕಿದ ಪೀಠೋಪಕರಣ, ಅಂದರೆ ಸೋಫಾ, ದಿವಾನ, ಮೆತ್ತನೆಯ ಕುರ್ಚಿ ಮತ್ತು ಫೋಮ್ ಹಾಸಿಗೆ.

ಪಿಂಜಾರರ ಬಿಲ್ಲು

ನಮ್ಮ ಹಿಂದಿನವರ ಮನೆಗಳಲ್ಲಿ ಸೋಫಾ ಇರಲಿಲ್ಲ. ಚಾಪೆ, ಜಮಖಾನ, ಮಣೆ, ಹೆಚ್ಚೆಂದರೆ ಒಂದು ಮಂಚ ಮತ್ತು ಕಟ್ಟೆಯ ಮೇಲೆ ಒರಗಿಕೊಳ್ಳಲು ಲೋಡು. ಪೇಟೆಯ ಜವಳಿ ಅಂಗಡಿಗಳಲ್ಲಿ ಬಿಳಿ ಹೊದಿಕೆಯ ಗಾದಿಯ ಮೇಲೆ ಕುಳಿತು ವ್ಯಾಪಾರ ಮಾಡುವ ಪದ್ಧತಿಯನ್ನು ನೀವು ನೋಡಿರಬಹುದು. ಈ ಗಾದಿ, ಲೋಡು, ದಿಂಬುಗಳ ಒಳಗೆ ಇರುತ್ತಿದ್ದುದು ಹತ್ತಿ, ಬೂರುಗದ ಅರಳೆ ಅಥವಾ ತೆಂಗಿನ ನಾರು. ಮೂರೂ ಗಿಡಮರಗಳಿಂದ ಬಂದವು.

ಹತ್ತಿಯನ್ನು ಹಿಂಜಿ ಹಾಸಿಗೆ ತುಂಬುವ ಕಸುಬನ್ನು ಕರ್ನಾಟಕದಲ್ಲಿ ತಲೆಮಾರುಗಳಿಂದ ನಡೆಸಿಕೊಂಡು ಬಂದವರು ಪಿಂಜಾರರು. ಇವರನ್ನು ಉತ್ತರ ಕರ್ನಾಟಕದಲ್ಲಿ ನದಾಫರೆಂದೂ ಕರೆಯುತ್ತಾರೆ. ಆಳೆತ್ತರದ ಬಿಲ್ಲಿನ ಹೆದೆಯನ್ನು ಹತ್ತಿಯ ರಾಶಿಗೆ ತಾಗಿಸಿ, ಮರದ ಕೊಡತಿಯಿಂದ ಮೀಟಿದರೆ ಗಂಟು ಗಂಟಾದ ಹತ್ತಿ ಬಿಡಿಬಿಡಿಯಾಗಿ ಹಾರುತ್ತದೆ. ಹೆದೆಯ ಆ ಝೇಂಕಾರ ಕೇಳಿದರೆ ಬೀದಿಯ ಮಕ್ಕಳೆಲ್ಲ ಸುತ್ತ ನೆರೆಯುತ್ತಿದ್ದರು. ಮುಂದೆ ಬಿಲ್ಲಿನ ಜಾಗಕ್ಕೆ ಯಂತ್ರ ಬಂದಿತು.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಪಿಂಜಾರರ ಕೆಲಸದಲ್ಲಿ ದೊಡ್ಡ ಪಾಲು ಹಳೆಯ ಹಾಸಿಗೆಯದೇ ಆಗಿತ್ತು. ವರ್ಷಗಟ್ಟಲೆ ಮಲಗಿ ಚಪ್ಪಟೆಯಾದ ಹಾಸಿಗೆಯನ್ನು ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹರವಿ, ಮತ್ತೆ ಹಿಂಜಿ, ಒಂದೆರಡು ಸೇರು ಹೊಸ ಅರಳೆ ಸೇರಿಸಿ, ಹೊಸ ಹೊದಿಕೆಯಲ್ಲಿ ಹೊಲಿದುಕೊಡುತ್ತಿದ್ದರು. ತೀರಾ ಹಾಳಾದ ಹತ್ತಿ ತಿಪ್ಪೆಗೆ ಹೋದರೆ ಮಣ್ಣಾಗುತ್ತಿತ್ತು, ಒಲೆಗೆ ಹೋದರೆ ಬೂದಿಯಾಗುತ್ತಿತ್ತು. ಇಂದು ನಾವು ಪುನರ್ಬಳಕೆ ಎಂದು ಕರೆಯುವ ಕೆಲಸಕ್ಕೆ ಆಗ ಬೇರೆ ಹೆಸರೇ ಬೇಕಿರಲಿಲ್ಲ.

ಈ ಕಸುಬಿನಲ್ಲಿ ತೊಂದರೆಯೇ ಇರಲಿಲ್ಲ ಎನ್ನುವಂತಿಲ್ಲ. ಹತ್ತಿಯ ಧೂಳು ವರ್ಷಾನುಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಬಿಸಿನೋಸಿಸ್ ಎಂಬ ರೋಗ ಬರುತ್ತದೆ. ಗಿರಣಿ ಕಾರ್ಮಿಕರನ್ನು ಕಾಡಿದ ರೋಗ ಇದು. ಮೆತ್ತನೆಯ ಆಸನದ ಬೆಲೆಯನ್ನು ಅದನ್ನು ಬಿಚ್ಚಿ ಹೊಲಿಯುವವರ ಉಸಿರು ತೆರುತ್ತದೆ ಎಂಬ ಸಂಗತಿ ಹೊಸದೇನೂ ಅಲ್ಲ. ಈ ಅಂಶವನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಪ್ಲೇಗು ಕಲಿಸಿದ ಪಾಠ

1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಇಕ್ಕಟ್ಟಾದ ಪೇಟೆಯ ಬೀದಿಗಳಲ್ಲಿ ಸಾವಿರಾರು ಜನ ಬಲಿಯಾದರು. ಮಲ್ಲೇಶ್ವರ ಮತ್ತು ಬಸವನಗುಡಿಯಂಥ ಗಾಳಿ ಬೆಳಕಿನ ಬಡಾವಣೆಗಳಿಗೆ ಜನ ಸಾಗಲು ಈ ಮಾರಿಯೇ ಒಂದು ಮುಖ್ಯ ಕಾರಣವಾಯಿತು.

ಆ ಕಾಲದಲ್ಲಿ ಭಾರತದ ಊರೂರುಗಳಲ್ಲಿ ಪ್ಲೇಗು ಹೊಕ್ಕ ಮನೆಯ ಹಾಸಿಗೆ ಬಟ್ಟೆಗಳನ್ನು ಸುಡುವುದು, ಕುದಿಸುವುದು, ಬಿಸಿಲಿಗೆ ಹಾಕುವುದು ವಾಡಿಕೆಯ ಕ್ರಮಗಳಾಗಿದ್ದವು. ವಿಜ್ಞಾನದ ದೃಷ್ಟಿಯಿಂದ ಇದರಲ್ಲಿ ಅರ್ಥವಿತ್ತು. ಪ್ಲೇಗಿನ ಬ್ಯಾಕ್ಟೀರಿಯವನ್ನು ಅಲೆಕ್ಸಾಂಡ್ರ್ ಯೆರ್ಸಿನ್ 1894ರಲ್ಲಿ ಗುರುತಿಸಿದ್ದ. ಅದು ಇಲಿಯ ಚಿಗಟದ ಮೂಲಕ ಹರಡುತ್ತದೆಂಬುದನ್ನು ಪಾಲ್ ಲೂಯಿ ಸಿಮಾಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಹಿಡಿದದ್ದು ಇದೇ 1898ರಲ್ಲಿ. ಚಿಗಟವಾಗಲಿ ಬ್ಯಾಕ್ಟೀರಿಯವಾಗಲಿ ಬೆಂಕಿಯಲ್ಲಿ ಉಳಿಯುವುದಿಲ್ಲ. ಹತ್ತಿಯ ಹಾಸಿಗೆ ಸುಟ್ಟರೆ ರೋಗವೂ ಅದರೊಂದಿಗೆ ಸುಟ್ಟು ಹೋಗುತ್ತದೆ.

ಹೀಗೆ ಬೆಂಕಿ ಎಲ್ಲವನ್ನೂ ಶುದ್ಧಿ ಮಾಡುತ್ತದೆ ಎಂಬ ಹಳೆಯ ನಂಬಿಕೆಗೆ ಹೊಸ ವಿಜ್ಞಾನದ ಬೆಂಬಲವೂ ದೊರೆಯಿತು. ಬೇಡವಾದ ಹಾಸಿಗೆಯನ್ನು ಬಯಲಿನಲ್ಲಿ ಸುಡುವುದು ತಪ್ಪು ಎಂದು ಯಾರಿಗೂ ಅನ್ನಿಸಲಿಲ್ಲ. ಹಾಸಿಗೆಯೊಳಗಿನ ವಸ್ತು ಬದಲಾದ ಮೇಲೂ ಈ ಅಭ್ಯಾಸ ಹಾಗೆಯೇ ಮುಂದುವರಿಯಿತು.

ಹತ್ತಿಯ ಜಾಗಕ್ಕೆ ಬಂದವು

ಆ ಬದಲಾವಣೆ ಹಂತ ಹಂತವಾಗಿ ನಡೆಯಿತು. 1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಸಂಸ್ಥೆಯ ಪ್ರಯೋಗಾಲಯದಲ್ಲಿ ರಬ್ಬರ್ ಹಾಲನ್ನು ನೊರೆಯಾಗಿ ಕಡೆದು, ಅಚ್ಚಿನಲ್ಲಿ ಬೇಯಿಸಿ ಸ್ಪಂಜಿನಂಥ ಮೆತ್ತೆಯನ್ನು ತಯಾರಿಸಿದರು. ನಮ್ಮಲ್ಲಿ ಹಿರಿಯರು ಯಾವುದೇ ಮೆತ್ತನೆಯ ಹಾಸಿಗೆಯನ್ನೂ ಡನ್‌ಲಪ್ ಹಾಸಿಗೆ ಎನ್ನುವುದಕ್ಕೆ ಇದೇ ಕಾರಣ. 1937ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಆಟೊ ಬೇಯರ್ ಮತ್ತು ಸಂಗಡಿಗರು ಪಾಲಿಯುರಿಥೇನ್ ಎಂಬ ಕೃತಕ ವಸ್ತುವಿನ ರಸಾಯನಕ್ರಿಯೆಯನ್ನು ಕಂಡುಹಿಡಿದರು. 1950ರ ದಶಕದಲ್ಲಿ ಇದರಿಂದ ಮೃದುವಾದ ಫೋಮ್ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ಇದರ ಮೂಲ ಪೆಟ್ರೋಲಿಯಂ. ಹಗುರ, ಅಗ್ಗ, ಬೇಕಾದ ಆಕಾರಕ್ಕೆ ಕತ್ತರಿಸಬಹುದು, ಹಿಂಜುವ ಗೋಜಿಲ್ಲ.

ಬೆಂಗಳೂರಿನಲ್ಲಿ ನಡುವೆ ಇನ್ನೊಂದು ಹಂತವೂ ಇತ್ತು. 1962ರಲ್ಲಿ ಆರಂಭವಾದ ಬೆಂಗಳೂರು ಮೂಲದ ಕುರ್ಲಾನ್ ಸಂಸ್ಥೆ ತೆಂಗಿನ ನಾರಿಗೆ ರಬ್ಬರ್ ಹಾಲು ಸೇರಿಸಿ ಒತ್ತಿದ ಹಾಸಿಗೆಯನ್ನು ದೇಶಕ್ಕೆಲ್ಲ ಪರಿಚಯಿಸಿತು. ತೆಂಗು ಬೆಳೆಯುವ ನಮ್ಮ ನಾಡಿಗೆ ಇದು ಒಪ್ಪುವ ಉದ್ಯಮವಾಗಿತ್ತು. ಆದರೆ ಸೋಫಾ, ಬಸ್ಸಿನ ಸೀಟು, ಚಿತ್ರಮಂದಿರದ ಆಸನ, ಕಚೇರಿಯ ಕುರ್ಚಿ ಇವುಗಳಿಗೆಲ್ಲ ಕ್ರಮೇಣ ಪಾಲಿಯುರಿಥೇನ್ ಫೋಮೇ ಹರಡಿತು. ಅದರ ಮೇಲೆ ರೆಕ್ಸಿನ್ ಅಥವಾ ಕೃತಕ ನೂಲಿನ ಬಟ್ಟೆ ಬಂದಿತು.

ಹತ್ತಿಗೂ ಈ ಫೋಮಿಗೂ ಇರುವ ವ್ಯತ್ಯಾಸವನ್ನು ವಿಜ್ಞಾನದ ವಿದ್ಯಾರ್ಥಿಗಳು ಸುಲಭವಾಗಿ ಊಹಿಸಬಹುದು. ಹತ್ತಿ ಸೆಲ್ಯುಲೋಸ್. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದು ಆಹಾರ. ಪಾಲಿಯುರಿಥೇನ್ ಅಷ್ಟು ಸುಲಭವಾಗಿ ಕರಗುವುದಿಲ್ಲ. ಅದನ್ನು ಹಿಂಜಿ ಹೊಸದು ಮಾಡಲಾಗದು, ಪುಡಿಯಾಗಿ ಉದುರುತ್ತದೆ. ಬೆಂಕಿ ತಗುಲಿದರೆ ಬೇಗ ಹೊತ್ತಿಕೊಂಡು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಯನೈಡ್ ಎಂಬ ಎರಡು ಕೊಲ್ಲುವ ಅನಿಲಗಳನ್ನು ಹೊರಬಿಡುತ್ತದೆ.

ಬೆಂಕಿಯ ಭಯ, ಬ್ರೋಮಿನ್ನಿನ ಮದ್ದು

1979ರ ಮೇ 8ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ವುಲ್‌ವರ್ತ್ಸ್ ಅಂಗಡಿಯಲ್ಲಿ ಬೆಂಕಿ ಬಿದ್ದು 10 ಜನ ಸತ್ತರು. ಅಲ್ಲಿ ಮಾರಾಟಕ್ಕಿಟ್ಟಿದ್ದ ಫೋಮ್ ತುಂಬಿದ ಪೀಠೋಪಕರಣಗಳ ಹೊಗೆಯೇ ಆ ಸಾವುಗಳಿಗೆ ಮುಖ್ಯ ಕಾರಣವಾಗಿತ್ತು. ಇಂಥ ದುರಂತಗಳ ನಂತರ ಬ್ರಿಟನ್ 1988ರಲ್ಲಿ ಮನೆಬಳಕೆಯ ಪೀಠೋಪಕರಣಗಳಿಗೆ ಕಠಿಣವಾದ ಅಗ್ನಿಸುರಕ್ಷಾ ನಿಯಮಗಳನ್ನು ತಂದಿತು. ಅದಕ್ಕೂ ಮೊದಲು, 1975ರಲ್ಲೇ, ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ ಪೀಠೋಪಕರಣದ ಫೋಮ್ ಸಣ್ಣ ಜ್ವಾಲೆಯನ್ನು 12 ಸೆಕೆಂಡು ತಡೆಯಬೇಕೆಂಬ ಪರೀಕ್ಷೆಯನ್ನು ಗೊತ್ತುಪಡಿಸಿತ್ತು.

ಬೆಂಕಿಯ ಈ ಭಯ ಹುಸಿಯಲ್ಲ. ನಮ್ಮ ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಗೋದಾಮು, ಅದರ ಮೇಲೆ ಮನೆ. 2025ರ ಆಗಸ್ಟ್‌ನಲ್ಲಿ ನಗರ್ತಪೇಟೆಯ ಇಂಥದೇ ಒಂದು ಕಟ್ಟಡಕ್ಕೆ ಬೆಂಕಿ ಬಿದ್ದು ಐವರು ಪ್ರಾಣ ಕಳೆದುಕೊಂಡರು.

ಪರೀಕ್ಷೆಯಲ್ಲಿ ತೇರ್ಗಡೆಯಾಗಲು ಫೋಮ್ ತಯಾರಕರು ಅದಕ್ಕೆ ಬೆಂಕಿತಡೆ ರಾಸಾಯನಿಕಗಳನ್ನು ಬೆರೆಸಿದರು. ಅವುಗಳಲ್ಲಿ ಪ್ರಮುಖವಾದದ್ದು ಪಾಲಿಬ್ರೋಮಿನೇಟೆಡ್ ಡೈಫೀನೈಲ್ ಈಥರ್, ಸಂಕ್ಷಿಪ್ತವಾಗಿ ಪಿ.ಬಿ.ಡಿ.ಇ. ಇದರ ಕೆಲಸದ ರೀತಿ ಸ್ವಾರಸ್ಯವಾಗಿದೆ. ಜ್ವಾಲೆ ಮುಂದುವರಿಯಲು ಅದರಲ್ಲಿ ಬಿಡಿ ರ‍್ಯಾಡಿಕಲ್‌ಗಳೆಂಬ ಚುರುಕಾದ ಕಣಗಳು ಬೇಕು. ಕಾದಾಗ ಹೊರಬರುವ ಬ್ರೋಮಿನ್ ಆ ಕಣಗಳನ್ನು ಹಿಡಿದುಹಾಕುತ್ತದೆ. ಜ್ವಾಲೆ ತಗ್ಗುತ್ತದೆ.

ಆದರೆ ಇದರಲ್ಲಿ ಒಂದು ಕೊರತೆಯಿತ್ತು. ಈ ರಾಸಾಯನಿಕ ಫೋಮಿನ ಅಣುಗಳೊಂದಿಗೆ ಬಂಧ ಬೆಳೆಸಿಕೊಳ್ಳುವುದಿಲ್ಲ, ಸುಮ್ಮನೆ ಬೆರೆತಿರುತ್ತದೆ. ಬಟ್ಟೆಗೆ ಹಾಕಿದ ಗಂಜಿ ದಿನ ಕಳೆದಂತೆ ಪುಡಿಯಾಗಿ ಉದುರುವ ಹಾಗೆ ಇದೂ ಫೋಮಿನಿಂದ ಹೊರಬಂದು ಮನೆಯ ಧೂಳಿಗೆ ಸೇರುತ್ತದೆ. ನೆಲದ ಮೇಲೆ ಅಂಬೆಗಾಲಿಟ್ಟು, ಕೈಯನ್ನು ಬಾಯಿಗೆ ಹಾಕುವ ಮಗು ದೊಡ್ಡವರಿಗಿಂತ ಹೆಚ್ಚು ಧೂಳನ್ನು ನುಂಗುತ್ತದೆ. ಒಳಗೆ ಹೋದ ಪಿ.ಬಿ.ಡಿ.ಇ. ಕೊಬ್ಬಿನಲ್ಲಿ ಕರಗಿ ವರ್ಷಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಥೈರಾಯ್ಡ್ ಹಾರ್ಮೋನಿನ ಕೆಲಸಕ್ಕೆ ಅಡ್ಡಿಪಡಿಸುತ್ತದೆ. ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ.

ಇದು ಬೆಳಕಿಗೆ ಬಂದದ್ದು ಹೇಗೆ? ಸ್ವೀಡನ್ನಿನ ವಿಜ್ಞಾನಿಗಳು 1972ರಿಂದ 1997ರವರೆಗೆ ಸಂಗ್ರಹಿಸಿಟ್ಟಿದ್ದ ಎದೆಹಾಲಿನ ಮಾದರಿಗಳನ್ನು ಪರೀಕ್ಷಿಸಿದರು. ಆ 25 ವರ್ಷಗಳಲ್ಲಿ ಡಿ.ಡಿ.ಟಿ.ಯಂಥ ಹಳೆಯ ವಿಷಗಳ ಪ್ರಮಾಣ ಇಳಿಯುತ್ತ ಬಂದಿತ್ತು. ಪಿ.ಬಿ.ಡಿ.ಇ. ಮಾತ್ರ ಸುಮಾರು ಐದು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಏರಿತ್ತು.

ಎಚ್ಚರಿಕೆಯ ಗಂಟೆ ಅದಕ್ಕೂ ಮುಂಚೆಯೇ ಮೊಳಗಿತ್ತು. 1977ರಲ್ಲಿ ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಎಂಬ ವಿಜ್ಞಾನಿಗಳು ಮಕ್ಕಳ ರಾತ್ರಿಯುಡುಪಿಗೆ ಹಾಕುತ್ತಿದ್ದ ಟ್ರಿಸ್ ಎಂಬ ಬೆಂಕಿತಡೆ ರಾಸಾಯನಿಕ ಜೀನ್‌ಗಳಲ್ಲಿ ಬದಲಾವಣೆ ತರಬಲ್ಲದೆಂದು ತೋರಿಸಿದರು. ಅದೇ ವರ್ಷ ಅಮೆರಿಕ ಅದನ್ನು ಮಕ್ಕಳ ಉಡುಪಿನಲ್ಲಿ ನಿಷೇಧಿಸಿತು. ಆದರೆ ಅದೇ ಕುಟುಂಬಕ್ಕೆ ಸೇರಿದ, ಬ್ರೋಮಿನ್ ಬದಲು ಕ್ಲೋರಿನ್ ಇರುವ ಇನ್ನೊಂದು ಟ್ರಿಸ್ ಮುಂದೆ ಸೋಫಾದ ಫೋಮಿನಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡಿತು. ಒಂದು ಬಾಗಿಲು ಮುಚ್ಚಿದರೆ ಪಕ್ಕದ ಬಾಗಿಲಿನಿಂದ ಬರುವ ಈ ಪರಿಪಾಠ ರಸಾಯನೋದ್ಯಮದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ನಮ್ಮ ಸೋಫಾದಲ್ಲಿ ಏನಿದೆ?

ಇದೆಲ್ಲ ಅಮೆರಿಕ, ಯುರೋಪಿನ ಕಥೆ, ನಮಗೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕ್ಯಾಲಿಫೋರ್ನಿಯ, ಬ್ರಿಟನ್ನುಗಳಂತೆ ಮನೆಯ ಸೋಫಾಕ್ಕೆ ಕಡ್ಡಾಯವಾದ ಅಗ್ನಿಪರೀಕ್ಷೆ ಆ ದಶಕಗಳಲ್ಲಿ ನಮ್ಮಲ್ಲಿರಲಿಲ್ಲ. ಆದ್ದರಿಂದ ನಮ್ಮ ಪ್ರತಿಯೊಂದು ಹಳೆಯ ಸೋಫಾದಲ್ಲೂ ಬ್ರೋಮಿನ್ ಇದೆಯೆಂದು ಹೆದರಬೇಕಾಗಿಲ್ಲ. ಆದರೆ ವಿದೇಶದಿಂದ ಬಂದ ಪೀಠೋಪಕರಣ, ವಾಹನಗಳ ಸೀಟು, ದೊಡ್ಡ ಕಚೇರಿ ಹಾಗೂ ಸಭಾಂಗಣಗಳ ಆಸನ ಇವುಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ಇನ್ನು ಚೂರು ಫೋಮನ್ನು ಅಂಟಿನೊಂದಿಗೆ ಒತ್ತಿ ತಯಾರಿಸುವ ಅಗ್ಗದ ಮೆತ್ತೆಯಲ್ಲಿ ಎಲ್ಲೆಲ್ಲಿಯ ಚೂರು ಸೇರಿರುತ್ತದೋ ಹೇಳಲಾಗದು. ಕಣ್ಣಿಗೆ ಎಲ್ಲವೂ ಒಂದೇ.

ನಮ್ಮ ಮನೆಗಳಿಗೇ ವಿಶಿಷ್ಟವಾದ ಇನ್ನೊಂದು ವಿಷದ ಕಥೆಯೂ ಇದೆ. ಅದು ತಿಗಣೆಯ ಕಥೆ. ಹಿಂದಿನ ಮನೆಗಳಲ್ಲಿ, ಹಾಸ್ಟೆಲುಗಳಲ್ಲಿ, ಚಿತ್ರಮಂದಿರಗಳಲ್ಲಿ ತಿಗಣೆಯ ಕಾಟ ತಿಳಿಯದವರಿಲ್ಲ. ಮೊದಲು ಮಂಚದ ಸಂದುಗಳಿಗೆ ಕುದಿಯುವ ನೀರು ಹೊಯ್ಯುತ್ತಿದ್ದರು, ಬಿಸಿಲಿಗೆ ಒಡ್ಡುತ್ತಿದ್ದರು. 1939ರಲ್ಲಿ ಸ್ವಿಟ್ಜರ್‌ಲೆಂಡಿನ ಪಾಲ್ ಮ್ಯೂಲರ್ ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದ. 1948ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿಯೂ ಬಂದಿತು. ಮಲೇರಿಯದ ವಿರುದ್ಧ ಅದು ಮಾಡಿದ ಉಪಕಾರ ದೊಡ್ಡದು. ಆದರೆ ಡಿ.ಡಿ.ಟಿ. ಮತ್ತು ಬಿ.ಎಚ್.ಸಿ. ಪುಡಿಗಳನ್ನು ಜನ ಹಾಸಿಗೆಯ ಕೆಳಗೆ, ಮಂಚದ ಸಂದುಗಳಿಗೆ, ಕುರ್ಚಿಯ ಮೆತ್ತೆಗೆ ಧಾರಾಳವಾಗಿ ಉದುರಿಸಿದರು. ಸೆಲ್ಯುಲೋಸನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಇವು ಸುಲಭವಾಗಿ ಬಗ್ಗುವುದಿಲ್ಲ. ಭಾರತ ಸರ್ಕಾರ ಕೃಷಿಯಲ್ಲಿ ಡಿ.ಡಿ.ಟಿ. ಬಳಕೆಯನ್ನು 1989ರಲ್ಲಿ ನಿಲ್ಲಿಸಿತು. ಬಿ.ಎಚ್.ಸಿ.ಯನ್ನು 1997ರಲ್ಲಿ ನಿಷೇಧಿಸಿತು. ಅದಕ್ಕಿಂತ ಹಳೆಯ ಮೆತ್ತೆಗಳು ಅಟ್ಟದ ಮೇಲೆ ಉಳಿದಿದ್ದರೆ ಅವುಗಳ ಸಂದುಗಳಲ್ಲಿ ಆ ಪುಡಿ ಇನ್ನೂ ಇರಬಹುದು. ಹತ್ತಿಯ ಹಾಸಿಗೆಯೂ ಹೀಗೆ ಅಪಾಯಕ್ಕೆ ಹೊರತಾಗಲಿಲ್ಲ.

ಜೊತೆಗೆ ಮೂರನೆಯದೊಂದಿದೆ. ಚಹಾ ಚೆಲ್ಲಿದರೂ ಕಲೆಯಾಗದಂತೆ ಸೋಫಾದ ಬಟ್ಟೆಗೆ ಬಳಿಯುತ್ತಿದ್ದ ಲೇಪನಗಳಲ್ಲಿ ಪಿ.ಎಫ್.ಒ.ಎಸ್. ಎಂಬ ಫ್ಲೋರಿನ್ ಗುಂಪಿನ ರಾಸಾಯನಿಕಗಳು ಬಳಕೆಯಾಗಿದ್ದವು. ಇವು ಪ್ರಕೃತಿಯಲ್ಲಿ ನಾಶವಾಗುವುದೇ ಇಲ್ಲ ಎನ್ನುವಷ್ಟು ಗಟ್ಟಿ.

ಜಾಗತಿಕ ಒಪ್ಪಂದ

ಬಹುಕಾಲ ಉಳಿಯುವ ಇಂಥ ಸಾವಯವ ವಿಷಗಳನ್ನು ನಿಯಂತ್ರಿಸಲು 2001ರಲ್ಲಿ ಸ್ಟಾಕ್‌ಹೋಂ ಒಪ್ಪಂದವಾಯಿತು. 2004ರಿಂದ ಅದು ಜಾರಿಗೆ ಬಂದಿತು. ಭಾರತ 2006ರಲ್ಲಿ ಅದನ್ನು ಅನುಮೋದಿಸಿತು. ಡಿ.ಡಿ.ಟಿ. ಮೊದಲ ಪಟ್ಟಿಯಲ್ಲೇ ಇತ್ತು. 2009ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ಸಭೆ ಇನ್ನೂ ಒಂಬತ್ತನ್ನು ಸೇರಿಸಿತು. ಆ ಒಂಬತ್ತರಲ್ಲಿ ತಿಗಣೆ ಪುಡಿಯಾದ ಬಿ.ಎಚ್.ಸಿ.ಯ ರೂಪಗಳೂ ಇದ್ದವು, ಫೋಮಿನ ಬೆಂಕಿತಡೆಯಾದ ಪಿ.ಬಿ.ಡಿ.ಇ.ಯೂ ಇತ್ತು, ಬಟ್ಟೆಯ ಕಲೆತಡೆಯಾದ ಪಿ.ಎಫ್.ಒ.ಎಸ್. ಕೂಡ ಇತ್ತು. ಒಂದೇ ಸೋಫಾದ ಮೇಲೆ, ಒಳಗೆ, ಕೆಳಗೆ ಇದ್ದಿರಬಹುದಾದ ಮೂರು ವಿಷಗಳು ಒಂದೇ ಸಭೆಯಲ್ಲಿ ಪಟ್ಟಿ ಸೇರಿದ್ದವು.

ಹೊಸದಾಗಿ ತಯಾರಿಸಬಾರದು ಎನ್ನುವುದು ಸುಲಭ. ಈಗಾಗಲೇ ಕೋಟ್ಯಂತರ ಮನೆಗಳಲ್ಲಿ ಕುಳಿತಿರುವುದನ್ನು ಏನು ಮಾಡುವುದು? ಈ ಪ್ರಶ್ನೆಯಲ್ಲಿ ಜಗತ್ತು ಎಡವಿತು. 2009ರ ನಿರ್ಣಯದಲ್ಲೇ ಹಳೆಯ ಫೋಮಿನ ಮರುಬಳಕೆಗೆ 2030ರವರೆಗೆ ವಿನಾಯಿತಿ ಪಡೆಯುವ ಅವಕಾಶ ಉಳಿಯಿತು. ಬ್ರಿಟನ್ ಮಾತ್ರ 2023ರ ಜನವರಿಯಿಂದ ಬೇರೆ ದಾರಿ ಹಿಡಿಯಿತು. ಮೆತ್ತೆ ಹಾಕಿದ ಮನೆಬಳಕೆಯ ಆಸನಗಳು ಕಸಕ್ಕೆ ಬಂದರೆ ಅವನ್ನು ಹೂಳಬಾರದು, ಮರುಬಳಕೆ ಮಾಡಬಾರದು, ಬೇರೆ ಕಸದೊಂದಿಗೆ ಬೆರೆಸಬಾರದು, ಹೆಚ್ಚಿನ ಉಷ್ಣತೆಯ ದಹನಕುಲುಮೆಗೇ ಕಳುಹಿಸಬೇಕು ಎಂಬ ನಿಯಮ ಅಲ್ಲಿ ಜಾರಿಗೆ ಬಂದಿತು.

ಮತ್ತೆ ಬೆಂಕಿಯೇ ಬಂದಿತಲ್ಲ ಎನ್ನಬೇಡಿ. ಎರಡು ಬೆಂಕಿಗೂ ಅಜಗಜಾಂತರವಿದೆ. ಬಯಲಿನಲ್ಲಿ ಹೊಗೆಯಾಡುತ್ತ ಉರಿಯುವ ಕಸದ ಉಷ್ಣತೆ ಕಡಿಮೆ, ಗಾಳಿಯೂ ಸಾಲದು. ಅಲ್ಲಿ ಬ್ರೋಮಿನ್ ಇರುವ ಅಣುಗಳು ಅರ್ಧಂಬರ್ಧ ಮುರಿದು ಡಯಾಕ್ಸಿನ್ ಮತ್ತು ಫ್ಯೂರಾನ್‌ಗಳೆಂಬ ಇನ್ನೂ ಘೋರವಾದ ವಿಷಗಳಾಗಿ ಮರುಜನ್ಮ ಪಡೆಯುತ್ತವೆ. ಸರಿಯಾದ ದಹನಕುಲುಮೆಯಲ್ಲಿ ಹ್ಯಾಲೊಜನ್ ಹೆಚ್ಚಿರುವ ತ್ಯಾಜ್ಯದ ಅನಿಲವನ್ನು ಸುಮಾರು 1,100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ ಎರಡು ಸೆಕೆಂಡು ಹಿಡಿದಿಟ್ಟು, ಹೊರಬರುವ ಹೊಗೆಯನ್ನು ತೊಳೆದು ಶೋಧಿಸುತ್ತಾರೆ. ಸಿಮೆಂಟ್ ಕುಲುಮೆಯಲ್ಲಿ ಸುಣ್ಣಕಲ್ಲು ಸುಮಾರು 1,450 ಡಿಗ್ರಿಗೆ ಕಾಯುತ್ತದೆ. ಪ್ಲೇಗಿನ ಚಿಗಟಕ್ಕೆ ಸಾಕಾಗಿದ್ದ ಬೆಂಕಿ ಈ ಅಣುಗಳಿಗೆ ಸಾಲದು.

ಕಾನೂನು ಮತ್ತು ಬೀದಿ

ನಮ್ಮ ದೇಶದಲ್ಲಿ 2018ರ ಮಾರ್ಚ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂಥ ಏಳು ರಾಸಾಯನಿಕಗಳ ತಯಾರಿಕೆ, ವ್ಯಾಪಾರ, ಬಳಕೆ, ಆಮದು ಮತ್ತು ರಫ್ತನ್ನು ನಿಷೇಧಿಸುವ ನಿಯಮಗಳನ್ನು ಹೊರಡಿಸಿತು. ಫೋಮಿನಲ್ಲಿ ಬಳಕೆಯಾದ ಪಿ.ಬಿ.ಡಿ.ಇ.ಗಳು ಅದರಲ್ಲಿ ಸೇರಿವೆ. ಇವು ಇರುವ ತ್ಯಾಜ್ಯವನ್ನು ಅಪಾಯಕಾರಿ ತ್ಯಾಜ್ಯದ ನಿಯಮಗಳ ಪ್ರಕಾರವೇ ವಿಲೇವಾರಿ ಮಾಡಬೇಕೆಂದೂ ಆ ನಿಯಮ ಹೇಳುತ್ತದೆ. ಆದರೆ ಕಾರ್ಖಾನೆಯ ತ್ಯಾಜ್ಯಕ್ಕೆ ಇರುವ ದಾರಿ ಮನೆಯ ಸೋಫಾಕ್ಕೆ ಸುಲಭವಾಗಿ ತೆರೆಯುವುದಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಅಪಾಯಕಾರಿ ತ್ಯಾಜ್ಯದ ಉದಾಹರಣೆಗಳನ್ನು ಕೊಟ್ಟಾಗ ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಟ್ಯೂಬ್‌ಲೈಟ್, ಅವಧಿ ಮೀರಿದ ಔಷಧಿ, ಒಡೆದ ಥರ್ಮಾಮೀಟರ್, ಬ್ಯಾಟರಿ, ಸೂಜಿಗಳನ್ನು ಹೆಸರಿಸಿದವು. ಸೋಫಾದ ಹೆಸರು ಅಲ್ಲಿರಲಿಲ್ಲ.

ಹೀಗಾಗಿ ಅದು ಹೋಗುವ ದಾರಿ ಬೇರೆ. ಬಳೇಪೇಟೆಗೆ ಸಮೀಪದಲ್ಲಿದ್ದ ಕಪಾಲಿ ಚಿತ್ರಮಂದಿರ 1968ರಲ್ಲಿ ಆರಂಭವಾಗಿ 2017ರಲ್ಲಿ ಮುಚ್ಚಿತು. ಸಾವಿರಕ್ಕೂ ಮಿಕ್ಕಿದ ಆಸನಗಳಿದ್ದ ಮಂದಿರ ಅದು. ಮೆಜೆಸ್ಟಿಕ್ ಸುತ್ತಮುತ್ತ ಹೀಗೆ ಮುಚ್ಚಿದ ಚಿತ್ರಮಂದಿರಗಳು ಹಲವು. ಚಿತ್ರಮಂದಿರ ಮುಚ್ಚಿದರೆ ನಾವು ಹಳೆಯ ಸಿನಿಮಾಗಳನ್ನು ನೆನೆದು ಮರುಗುತ್ತೇವೆ. ಇಂಥ ಕಟ್ಟಡಗಳ ಆಸನಗಳು ಎಲ್ಲಿಗೆ ಹೋಗುತ್ತವೆಂದು ವಿಚಾರಿಸುವುದಿಲ್ಲ. ಸಾಮಾನ್ಯವಾಗಿ ಕಬ್ಬಿಣ, ಮರಗಳಿಗೆ ಗುಜರಿಯಲ್ಲಿ ಬೆಲೆಯಿದೆ. ಜಾಲಿ ಮೊಹಲ್ಲಾ, ನಾಯಂಡಹಳ್ಳಿಗಳಂಥ ಕಡೆ ನಗರದ ಗುಜರಿ ವ್ಯಾಪಾರ ದೊಡ್ಡದಾಗಿ ನಡೆಯುತ್ತದೆ. ಬೆಲೆಯಿಲ್ಲದ ಹಳೆಯ ಫೋಮ್ ಮಾತ್ರ ಖಾಲಿ ನಿವೇಶನದಲ್ಲೋ ರಾಜಕಾಲುವೆಯಲ್ಲೋ ಬೀಳುತ್ತದೆ. ಈ ಭಾಗದ ಕಾಲುವೆಗಳ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ ಹೋಗುತ್ತದೆ.

ಊರ ಹೊರಗೆ ಸುರಿದರಾಯಿತು ಎನ್ನುವ ಕಾಲವೂ ಮುಗಿದಿದೆ. ಮಾವಳ್ಳಿಪುರದ ಜನ 2012ರಲ್ಲಿ, ಮಂಡೂರಿನ ಜನ 2014ರಲ್ಲಿ ಬೆಂಗಳೂರಿನ ಕಸ ತಮಗೆ ಬೇಡವೆಂದು ಹೋರಾಡಿ ನಿಲ್ಲಿಸಿದರು. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಿಂದ ದೇಶದಲ್ಲಿ ಕಸ ನಿರ್ವಹಣೆಯ ಮೊದಲ ನಿಯಮಗಳು 2000ದಲ್ಲಿ ಬಂದವು. ಅದೇ ಮೊಕದ್ದಮೆ ಮುಂದುವರಿದು, 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು.

ಇಷ್ಟೆಲ್ಲ ಆದರೂ ಹಳೆಯ ಸೋಫಾವನ್ನು ಕೈಯಾರೆ ಹರಿದು, ಒಳಗಿನ ಸ್ಪ್ರಿಂಗು, ಮೊಳೆ ಆಯುವವರು ಬಡ ಚಿಂದಿ ಆಯುವವರೇ. ಬೆಂಗಳೂರಿನಲ್ಲಿ 2011ರಿಂದ ಇವರಿಗೆ ನಗರಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು, ಹಸಿರು ದಳದಂಥ ಸಂಘಟನೆ ಬೆಳೆಯಿತು, ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳು ಬಂದವು. ಆದರೂ ಮುಖಕ್ಕೆ ಒಂದು ಬಟ್ಟೆಯೂ ಇಲ್ಲದೆ ಫೋಮಿನ ಧೂಳಿನಲ್ಲಿ ಕೆಲಸ ಮಾಡುವವರು ಇದ್ದಾರೆ. ಹಿಂದೆ ಹತ್ತಿಯ ಧೂಳು ಪಿಂಜಾರರ ಎದೆಗೆ ಇಳಿಯಿತು. ಇಂದಿನ ಧೂಳಿನಲ್ಲಿ ಏನಿದೆಯೆಂದು ಅದನ್ನು ಉಸಿರಾಡುವವರಿಗೆ ಯಾರೂ ಹೇಳಿಲ್ಲ.

ನಾವು ಮಾಡಬಹುದಾದುದು

ಮೊದಲನೆಯದಾಗಿ, ಅವಸರ ಬೇಡ. ಹೊದಿಕೆ ಗಟ್ಟಿಯಾಗಿದ್ದು, ಫೋಮ್ ಒಳಗೇ ಇರುವ ಸೋಫಾದಿಂದ ತೊಂದರೆ ಕಡಿಮೆ. ಹೊದಿಕೆ ಹರಿದು, ಹಳದಿಯಾದ ಫೋಮ್ ಪುಡಿಯಾಗಿ ಉದುರತೊಡಗಿದಾಗ ಅದು ಮನೆಯಿಂದ ಹೋಗಬೇಕಾದ ಕಾಲ. ಅಲ್ಲಿಯವರೆಗೆ ಒಣ ಪೊರಕೆಯಿಂದ ಧೂಳು ಎಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಮಕ್ಕಳು ಊಟಕ್ಕೆ ಮುಂಚೆ ಕೈ ತೊಳೆಯಲಿ.

ಎರಡನೆಯದಾಗಿ, ಮನೆಯಲ್ಲಿ ಅದನ್ನು ಹರಿಯಬೇಡಿ. ಹೊರಗೆ ಕೊಡುವಾಗ ಇಡಿಯಾಗಿಯೇ ಕೊಡಿ. ಹರಿದ ಭಾಗವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ. ಉದುರಿದ ಫೋಮಿನ ಚೂರುಗಳನ್ನು ಮಕ್ಕಳ ದಿಂಬಿಗೆ, ಗೊಂಬೆಗೆ, ಹೂಕುಂಡಕ್ಕೆ ತುಂಬಬೇಡಿ. ಹತ್ತಿಯ ಕಾಲದಲ್ಲಿ ಮೆಚ್ಚತಕ್ಕದ್ದಾಗಿದ್ದ ಮಿತವ್ಯಯ ಇಲ್ಲಿ ವಿಷವನ್ನು ಹೊಸ ವಸ್ತುವಿಗೆ ದಾಟಿಸುತ್ತದೆ.

ಮೂರನೆಯದಾಗಿ, ಯಾವ ಕಾರಣಕ್ಕೂ ಸುಡಬೇಡಿ, ಚಳಿ ಕಾಯಿಸಲೂ ಬೇಡ. ಬಿ.ಎಸ್ಸಿ. ವಿದ್ಯಾರ್ಥಿಗಳು ತಾಮ್ರದ ತಂತಿಯ ಬೀಲ್‌ಸ್ಟೈನ್ ಪರೀಕ್ಷೆಯನ್ನು ಕಲಿತಿರುತ್ತಾರೆ. ಜ್ವಾಲೆ ಹಸಿರಾದರೆ ಹ್ಯಾಲೊಜನ್ ಇದೆಯೆಂದು ಸೂಚನೆ. ಅದನ್ನು ಮನೆಯ ಫೋಮಿನ ಮೇಲೆ ಪ್ರಯೋಗಿಸಲು ಹೋಗಬೇಡಿ. ಯಾವ ಹ್ಯಾಲೊಜನ್ ಎಂದು ಅದು ಹೇಳುವುದಿಲ್ಲ, ಹೊಗೆ ಮಾತ್ರ ನಿಮ್ಮ ಮೂಗಿಗೇ ಬರುತ್ತದೆ. ಎಕ್ಸ್-ಕಿರಣಗಳಿಂದ ಬ್ರೋಮಿನ್ ಗುರುತಿಸುವ ಕೈಯಂತ್ರಗಳಿವೆ. ಆ ಕೆಲಸ ಪ್ರಯೋಗಾಲಯದ್ದು.

ನಾಲ್ಕನೆಯದಾಗಿ, ನಿಮ್ಮ ವಾರ್ಡಿನ ಪಾಲಿಕೆ ಕಚೇರಿಯಲ್ಲಿ ದೊಡ್ಡ ಗಾತ್ರದ ಕಸವನ್ನು ಯಾವಾಗ, ಯಾರು ಒಯ್ಯುತ್ತಾರೆಂದು ಕೇಳಿ. ಒಯ್ದ ಮೇಲೆ ಫೋಮ್ ಎಲ್ಲಿಗೆ ಹೋಗುತ್ತದೆಂದೂ ಕೇಳಿ. ಮರ, ಕಬ್ಬಿಣ, ಸ್ಪ್ರಿಂಗುಗಳು ಮರುಬಳಕೆಗೆ ಹೋಗಲಿ. ಫೋಮ್ ಮತ್ತು ಬಟ್ಟೆ ಬೇರೆಯಾಗಿ, ಒಣಗಿದ ಸ್ಥಿತಿಯಲ್ಲಿ, ಹೆಚ್ಚಿನ ಉಷ್ಣತೆಯ ಕುಲುಮೆಗೆ ಹೋಗಬೇಕು. ಬೇರ್ಪಡಿಸುವ ಕೆಲಸ ಮಾಡುವವರಿಗೆ ಮುಖಗವಸು, ಕೈಗವಸು, ಗಾಳಿಯಾಡುವ ಜಾಗ ಬೇಕು. ಅಪಾಯಕಾರಿ ತ್ಯಾಜ್ಯಕ್ಕಾಗಿ ಬೆಂಗಳೂರಿನ ಬಳಿ ದಾಬಸ್‌ಪೇಟೆಯಲ್ಲಿ ವ್ಯವಸ್ಥಿತ ಘಟಕವಿದೆ, ಕಲಬುರಗಿ ಜಿಲ್ಲೆಯಲ್ಲಿ ಸಿಮೆಂಟ್ ಕುಲುಮೆಗಳಿವೆ. ಕುಲುಮೆ ಇದೆ, ಕಾನೂನು ಇದೆ. ಮನೆಯ ಬಾಗಿಲಿನಿಂದ ಅಲ್ಲಿಯವರೆಗಿನ ದಾರಿಯನ್ನು ಮಾಡಿಕೊಡಬೇಕಾದ್ದು ಊರಿನ ಆಡಳಿತ. ಆ ದಾರಿಯ ಖರ್ಚಿನಲ್ಲಿ ಫೋಮ್ ತಯಾರಿಸಿ ಮಾರುವವರ ಪಾಲೂ ಇರುವುದು ನ್ಯಾಯ.

ಐದನೆಯದಾಗಿ, ಹೊಸದು ಕೊಳ್ಳುವಾಗ ಒಳಗೆ ಏನು ತುಂಬಿದ್ದಾರೆಂದು ಅಂಗಡಿಯವರನ್ನು ಕೇಳಿ. ಹತ್ತಿ, ನಾರು, ಬೂರುಗಗಳು ನಮ್ಮ ನಾಡಿನಲ್ಲಿ ಇನ್ನೂ ಸಿಗುತ್ತವೆ. ಹಾಸಿಗೆ ಹಿಂಜಿ ಹೊಲಿಯುವವರೂ ಹಳೆಯ ಬಡಾವಣೆಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಕೆಲಸ ಕೊಟ್ಟರೆ ಆ ವಿದ್ಯೆ ಉಳಿಯುತ್ತದೆ.

ಕೊನೆಯದಾಗಿ, ವಿದ್ಯಾರ್ಥಿಗಳಾದ ನಿಮಗೆ ಒಂದು ಕೆಲಸ. ನಿಮ್ಮ ಮನೆಯ ಅತ್ಯಂತ ಹಳೆಯ ಮೆತ್ತನೆಯ ಆಸನವನ್ನು ಆರಿಸಿಕೊಳ್ಳಿ. ಅದು ಯಾವ ವರ್ಷ ಬಂದಿತು, ಯಾರು ಮಾಡಿದರು, ಒಳಗೆ ಏನಿದೆ, ಎಷ್ಟು ಸಲ ಬಿಚ್ಚಿ ಹೊಲಿಸಿದ್ದಾರೆ, ತಿಗಣೆಗೆ ಯಾವ ಪುಡಿ ಹಾಕಿದ್ದರು ಎಂದು ಅಜ್ಜಿ ತಾತಂದಿರನ್ನು ಕೇಳಿ ಒಂದು ಪುಟ ಬರೆಯಿರಿ. ಪುಟದ ಕೊನೆಯ ಸಾಲಿನಲ್ಲಿ ಅದು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬರೆಯಬೇಕು. ಆ ಸಾಲು ಬರೆಯಲು ಬೇಕಾದ ಉತ್ತರವನ್ನು ಪಾಲಿಕೆ ಕಚೇರಿಯಿಂದ, ಗುಜರಿ ಅಂಗಡಿಯಿಂದ, ತಯಾರಕರಿಂದ ಕೇಳಿ ತನ್ನಿ.